ಗಣಕಯಂತ್ರವೂ ವ್ಯಾಪಾರದ ಮೇಲುಗೈಯೂ: ನಿಕೊಲಸ್ ಕಾರ್ ಅವರ ವಾದದ ಪರಿಶೀಲನೆ

೨೦೦೩ರ ಮೇ ತಿಂಗಳ ‘ಹಾರ್ವರ್ಡ್ ಬಿಸಿನೆಸ್ ರಿವ್ಯೂ’ ಪತ್ರಿಕೆಯಲ್ಲಿ ನಿಕೊಲಸ್ ಕಾರ್ ಎಂಬ ಅಮೆರಿಕದ ಲೇಖಕರು ಒಂದು ಪ್ರಬಂಧವನ್ನು ಪ್ರಕಟಿಸಿದರು. ಮಾಹಿತಿ ತಂತ್ರಜ್ಞಾನಕ್ಕೆ ಮಹತ್ತ್ವವಿಲ್ಲ ಎಂಬುದು ಅದರ ತಲೆಬರಹದ ತಾತ್ಪರ್ಯ. ಪ್ರಬಂಧ ಚಿಕ್ಕದು, ಅದು ಎಬ್ಬಿಸಿದ ಕೋಲಾಹಲ ದೊಡ್ಡದು. ಗಣಕಯಂತ್ರಗಳನ್ನೂ ಅವುಗಳನ್ನು ನಡೆಸುವ ಸಾಫ್ಟ್‌ವೇರನ್ನೂ ಮಾರುವ ದೊಡ್ಡ ಕಂಪನಿಗಳ ಮುಖ್ಯಸ್ಥರು ಅದನ್ನು ಬಹಿರಂಗವಾಗಿ ಹಳಿದರು. ಮರುವರ್ಷ ಕಾರ್ ಅವರು ತಮ್ಮ ವಾದವನ್ನು ವಿಸ್ತರಿಸಿ ಪುಸ್ತಕವಾಗಿಯೂ ಹೊರತಂದರು. ಅಂದಿನಿಂದ ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳ ಕೈಗೆ ಈ ವಾದವು ಎರಡು ವಾಕ್ಯಗಳ ಸೂತ್ರವಾಗಿ ಬರುತ್ತಿದೆ: ಎಲ್ಲರ ಬಳಿಯೂ ಇರುವ ವಸ್ತುವಿನಿಂದ ಯಾರಿಗೂ ಮೇಲುಗೈ ದೊರೆಯದು, ಗಣಕಯಂತ್ರ ಎಲ್ಲರ ಬಳಿಯೂ ಇದೆ. ಸೂತ್ರ ಸುಲಭವಾಗಿದೆ, ಪರೀಕ್ಷೆಯಲ್ಲಿ ಬರೆಯಲು ಅನುಕೂಲವಾಗಿಯೂ ಇದೆ. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ವಾದಿಗೆ ಅನ್ಯಾಯವಾಗದಂತೆ ಅವರ ಮಾತನ್ನು ಮೊದಲು ಅವರದೇ ಕ್ರಮದಲ್ಲಿ ನಿರೂಪಿಸುವುದು ಯುಕ್ತ. ಉದ್ಯಮಗಳು ಬಳಸುವ ತಂತ್ರಗಳಲ್ಲಿ ಎರಡು ಬಗೆಯುಂಟೆಂದು ಕಾರ್ ಅವರು ವಿಂಗಡಿಸುತ್ತಾರೆ. ಒಂದು ಕಂಪನಿಯ ಸ್ವಂತ ಸೊತ್ತಾಗಿ ಉಳಿಯತಕ್ಕದ್ದು ಮೊದಲನೆಯದು. ಔಷಧವೊಂದರ ಪೇಟೆಂಟು ಇದಕ್ಕೆ ನಿದರ್ಶನ. ಎಲ್ಲರೂ ಹಂಚಿಕೊಂಡಾಗಲೇ ಅಧಿಕ ಪ್ರಯೋಜನಕಾರಿಯಾಗುವ ಮೂಲಸೌಕರ್ಯ ಎರಡನೆಯದು. ರೈಲುಹಾದಿ, ತಂತಿ, ವಿದ್ಯುತ್ತು ಇವು ಈ ವರ್ಗಕ್ಕೆ ಸೇರುತ್ತವೆ. ಮೂಲಸೌಕರ್ಯವು ಹಬ್ಬುತ್ತಿರುವ ಅಲ್ಪಕಾಲದಲ್ಲಿ ಮುಂದಾಗಿ ಹಿಡಿದವರಿಗೆ ಲಾಭವುಂಟು. ಹಬ್ಬಿ ಮುಗಿದ ಮೇಲೆ ಅದು ಎಲ್ಲರ ಲೆಕ್ಕದಲ್ಲಿಯೂ ಒಂದು ಖರ್ಚಿನ ಬಾಬು ಮಾತ್ರ. ಮೇಲುಗೈಯನ್ನು ಕೊಡುವುದು ವಿರಳತೆಯೇ ಹೊರತು ಸರ್ವವ್ಯಾಪ್ತಿಯಲ್ಲ. ಅಮೆರಿಕದ ಕಂಪನಿಗಳ ಬಂಡವಾಳ ವೆಚ್ಚದಲ್ಲಿ ಮಾಹಿತಿ ತಂತ್ರಜ್ಞಾನದ ಪಾಲು ೧೯೬೫ರಲ್ಲಿ ಶೇಕಡ ೫ಕ್ಕಿಂತ ಕಡಮೆಯಿದ್ದುದು ೧೯೯೦ರ ದಶಕದ ಕೊನೆಗೆ ಹೆಚ್ಚುಕಡಮೆ ಶೇಕಡ ೫೦ಕ್ಕೆ ಏರಿತೆಂಬ ಸರ್ಕಾರಿ ಅಂಕಿಯನ್ನು ಅವರು ಎತ್ತಿಕೊಡುತ್ತಾರೆ. ಇಷ್ಟು ಹಣ ಸುರಿದುದಕ್ಕೆ ತಕ್ಕ ಮೇಲುಗೈ ಯಾರಿಗೆ ದೊರೆಯಿತು ಎಂಬುದು ಅವರ ಪ್ರಶ್ನೆ. ಆದಕಾರಣ ಅವರ ಬೋಧೆ ಮೂರು: ಕಡಮೆ ಖರ್ಚು ಮಾಡಿರಿ, ಮುಂದೆ ಹೋಗಬೇಡಿರಿ, ಹಿಂದೆ ಬನ್ನಿರಿ, ಹೊಸ ಅವಕಾಶಗಳನ್ನು ಹುಡುಕುವುದಕ್ಕಿಂತ ಇರುವ ಅಪಾಯಗಳನ್ನು ನೋಡಿಕೊಳ್ಳಿರಿ.

ಈ ವಾದದಲ್ಲಿ ಒಪ್ಪತಕ್ಕ ಅಂಶ ಬಹಳವಿದೆ. ಮೈಕೆಲ್ ಪೋರ್ಟರ್ ಮತ್ತು ವಿಕ್ಟರ್ ಮಿಲ್ಲರ್ ಅವರು ಅದೇ ಪತ್ರಿಕೆಯಲ್ಲಿ ೧೯೮೫ರಷ್ಟು ಹಿಂದೆ, ಮಾಹಿತಿಯು ವ್ಯಾಪಾರಕ್ಕೆ ಮೇಲುಗೈಯನ್ನು ತರುವ ಬಗೆಯನ್ನು ವಿವರಿಸಿದ್ದರು. ಅವರ ವಿವೇಚನೆ ಸೂಕ್ಷ್ಮವಾದದ್ದು. ಆದರೆ ಅವರ ತರುವಾಯ ಬಂದ ಉತ್ಸಾಹಿಗಳು ಸೂಕ್ಷ್ಮವನ್ನು ಬಿಟ್ಟು ಯಂತ್ರವನ್ನು ಹಿಡಿದುಕೊಂಡರು. ಕೊಂಡರೆ ಗೆದ್ದಂತೆ ಎಂಬ ಆ ಭ್ರಮೆಯನ್ನು ಹರಿದುದು ಕಾರ್ ಅವರು ಮಾಡಿದ ಉಪಕಾರ. ಅವರು ಕೊಡುವ ಅಮೆರಿಕನ್ ಹಾಸ್ಪಿಟಲ್ ಸಪ್ಲೈ ಕಂಪನಿಯ ದೃಷ್ಟಾಂತವೂ ಬಲವಾದದ್ದು. ಈ ಕಂಪನಿ ೧೯೭೦ರ ದಶಕದಲ್ಲಿ ಆಸ್ಪತ್ರೆಗಳಲ್ಲಿಯೇ ತನ್ನ ಯಂತ್ರಗಳನ್ನಿರಿಸಿ, ಅಲ್ಲಿಂದಲೇ ಸಾಮಗ್ರಿಗಳಿಗೆ ಬೇಡಿಕೆ ಬರುವ ಏರ್ಪಾಡು ಮಾಡಿ ಸ್ಪರ್ಧಿಗಳನ್ನು ಹಿಂದೆ ಹಾಕಿತು. ಮುಂದೆ ಸಣ್ಣ ಗಣಕಯಂತ್ರಗಳೂ ಎಲ್ಲರಿಗೂ ತೆರೆದ ಜಾಲಗಳೂ ಬಂದಾಗ, ಒಬ್ಬನೇ ಮಾರಾಟಗಾರನಿಗೆ ಕಟ್ಟಿಹಾಕುವ ಈ ವ್ಯವಸ್ಥೆ ಹಳತಾಗಿ, ಕಂಪನಿಗೆ ಕೊರಳ ಗುಂಡಾಯಿತು. ಯಂತ್ರದ ಮೇಲುಗೈ ಹೀಗೆ ಕರಗುತ್ತದೆಂಬುದರಲ್ಲಿ ನಮಗೂ ಸಂದೇಹವಿಲ್ಲ.

ನಮ್ಮ ಆಕ್ಷೇಪವಿರುವುದು ವಿದ್ಯುತ್ತಿನ ಉಪಮಾನದಲ್ಲಿ. ಕಾರ್ ಅವರ ವಾದದ ಅರ್ಧಭಾರವನ್ನು ಈ ಉಪಮಾನವೇ ಹೊತ್ತಿದೆ. ಅದು ಎಷ್ಟು ಭಾರವನ್ನು ತಾಳಬಲ್ಲುದೆಂದು ಪರೀಕ್ಷಿಸದೆ ಮುಂದೆ ಹೋಗುವಂತಿಲ್ಲ. ಈ ಪರೀಕ್ಷೆಗೆ ಬೇಕಾದ ಸಾಮಗ್ರಿಯನ್ನು ಪಾಲ್ ಡೇವಿಡ್ ಎಂಬ ಆರ್ಥಿಕ ಇತಿಹಾಸಕಾರರು ೧೯೯೦ರಲ್ಲಿಯೇ ಒದಗಿಸಿದ್ದರು. ಅವರ ಕಾಲದ ಸಮಸ್ಯೆ ಬೇರೆ. ಗಣಕಯಂತ್ರಗಳು ಎಲ್ಲೆಲ್ಲಿಯೂ ಕಾಣುತ್ತಿದ್ದರೂ ಉತ್ಪಾದಕತೆಯ ಅಂಕಿ-ಅಂಶಗಳಲ್ಲಿ ಮಾತ್ರ ಅವು ಕಾಣುತ್ತಿಲ್ಲವೆಂದು ರಾಬರ್ಟ್ ಸೊಲೋ ೧೯೮೭ರಲ್ಲಿ ಚುಚ್ಚಿ ನುಡಿದಿದ್ದರು; ಆ ಒಗಟನ್ನು ಬಿಡಿಸಲು ಡೇವಿಡ್ ಅವರು ವಿದ್ಯುತ್ತಿನ ಇತಿಹಾಸವನ್ನು ತೆರೆದರು. ಎಡಿಸನ್ನರ ಕೇಂದ್ರ ವಿದ್ಯುದಾಗಾರಗಳು ಲಂಡನ್ನಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಕೆಲಸ ಪ್ರಾರಂಭಿಸಿದುದು ೧೮೮೨ರಲ್ಲಿ. ಅಮೆರಿಕದ ಕಾರ್ಖಾನೆಗಳ ಚಾಲಕಶಕ್ತಿಯಲ್ಲಿ ವಿದ್ಯುತ್ ಮೋಟಾರುಗಳ ಪಾಲು ೧೮೯೯ರಲ್ಲಿ ಶೇಕಡ ೫ನ್ನೂ ಮುಟ್ಟಿರಲಿಲ್ಲ. ಅದು ಅರ್ಧವನ್ನು ದಾಟಲು ೧೯೨೦ರ ಸುಮಾರಿನವರೆಗೆ ಕಾಯಬೇಕಾಯಿತು.

ಈ ತಡಕ್ಕೆ ಕಾರಣ ವಿದ್ಯುತ್ತಿನ ಅಭಾವವಷ್ಟೇ ಆಗಿರಲಿಲ್ಲ. ಹಬೆಯ ಕಾಲದ ಕಾರ್ಖಾನೆಯನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಒಂದೇ ದೊಡ್ಡ ಎಂಜಿನ್ನು. ಅದರಿಂದ ಹೊರಟು ಛಾವಣಿಯ ಕೆಳಗೆ ಉದ್ದಕ್ಕೂ ತಿರುಗುವ ಉಕ್ಕಿನ ದಂಡಗಳು. ಅವುಗಳಿಂದ ಇಳಿಬಿದ್ದು ಒಂದೊಂದು ಯಂತ್ರವನ್ನೂ ಎಳೆಯುವ ಚರ್ಮದ ಬೆಲ್ಟುಗಳು. ಎಂಜಿನ್ನಿಗೆ ಯಾವುದು ಹತ್ತಿರವಿರಬೇಕೆಂಬುದರ ಮೇಲೆ ಯಂತ್ರಗಳ ಸ್ಥಾನ ನಿರ್ಧಾರವಾಗುತ್ತಿತ್ತು. ಕೆಲಸ ಯಾವ ಕ್ರಮದಲ್ಲಿ ಸಾಗುತ್ತದೆಂಬುದು ಆಮೇಲಿನ ಮಾತು. ಕಟ್ಟಡವನ್ನು ಅಂತಸ್ತಿನ ಮೇಲೆ ಅಂತಸ್ತಾಗಿ ಎಬ್ಬಿಸುತ್ತಿದ್ದುದೂ ದಂಡಗಳಿಗೆ ಅನುಕೂಲವಾಗಲೆಂದೇ. ಇಂಥ ಕಾರ್ಖಾನೆಗೆ ವಿದ್ಯುತ್ತು ಬಂದಾಗ ಬಹುಮಂದಿ ಮಾಲೀಕರು ಮಾಡಿದ್ದೇನು? ಹಬೆಯ ಎಂಜಿನ್ನನ್ನು ಕಿತ್ತು, ಆ ಜಾಗದಲ್ಲಿಯೇ ಮೋಟಾರನ್ನು ಕೂರಿಸಿದರು. ದಂಡವೂ ಬೆಲ್ಟೂ ಹಾಗೆಯೇ ಉಳಿದುವು. ಕಲ್ಲಿದ್ದಲಿನ ಖರ್ಚಿನಲ್ಲಿ ಸ್ವಲ್ಪ ಉಳಿತಾಯವಾಯಿತು, ಅಷ್ಟೆ. ಒಂದೊಂದು ಯಂತ್ರಕ್ಕೂ ಒಂದೊಂದು ಸಣ್ಣ ಮೋಟಾರನ್ನು ಜೋಡಿಸಬಹುದು, ಹಾಗೆ ಜೋಡಿಸಿದರೆ ಯಂತ್ರಗಳನ್ನು ಕೆಲಸದ ಓಟಕ್ಕೆ ಅನುಸಾರವಾಗಿ ಸಾಲಿಡಬಹುದು, ಒಂದೇ ಅಂತಸ್ತಿನ ಹಗುರವಾದ ಕಟ್ಟಡ ಸಾಕು, ಒಂದು ಭಾಗ ಕೆಟ್ಟರೆ ಇಡೀ ಕಾರ್ಖಾನೆ ನಿಲ್ಲಬೇಕಾಗಿಲ್ಲ ಎಂಬ ತಿಳಿವಳಿಕೆ ಬೇರೂರಲು ಒಂದು ತಲೆಮಾರು ಹಿಡಿಯಿತು. ಉತ್ಪಾದಕತೆ ನೆಗೆದುದು ಅನಂತರ, ೧೯೨೦ರ ದಶಕದಲ್ಲಿ.

ಕಾರ್ ಅವರಿಗೆ ಈ ಸಂಗತಿ ತಿಳಿಯದೆಂದಲ್ಲ. ಜಾಣರಾದ ಕೆಲವರು ಬೆಲ್ಟುಗಳನ್ನು ತೆಗೆದುಹಾಕಿ ಇತರರಿಗಿಂತ ಮುಂದಾದರೆಂದು ಅವರೂ ಬರೆಯುತ್ತಾರೆ. ಆದರೆ ಅದನ್ನು ಪ್ರಾರಂಭದ ಒಂದು ಅಲ್ಪಕಾಲದ ಅವಕಾಶವೆಂದು ತಿಳಿದು ದಾಟಿಹೋಗುತ್ತಾರೆ. ಇಪ್ಪತ್ತು-ಮೂವತ್ತು ವರ್ಷಗಳ ಅವಧಿ ಒಂದು ಉದ್ಯಮದ ಬಾಳಿನಲ್ಲಿ ಅಲ್ಪಕಾಲವಲ್ಲ. ಅಷ್ಟರಲ್ಲಿ ಕಂಪನಿಗಳು ಹುಟ್ಟಿ ಬೆಳೆದು ಸತ್ತಿರುತ್ತವೆ. ವಿದ್ಯುತ್ತು ಅಗ್ಗವಾಗಿ ಮನೆಬಾಗಿಲಿಗೆ ಬಂದ ದಿನ ಬೇರೆ, ಅದಕ್ಕೆ ತಕ್ಕ ಕೆಲಸದ ಕ್ರಮವು ಎಲ್ಲರಿಗೂ ಕರಗತವಾದ ದಿನ ಬೇರೆ. ಕಾರ್ ಅವರು ಈ ಎರಡು ದಿನಗಳನ್ನು ಒಂದೇ ಎಂದು ಎಣಿಸಿದ್ದಾರೆ. ವಿರಳವಾದುದು ಮೇಲುಗೈಯನ್ನು ಕೊಡುತ್ತದೆಂಬ ಅವರ ಸೂತ್ರವನ್ನೇ ನಾವು ಹಿಡಿದರೂ, ಇಲ್ಲಿ ವಿರಳವಾಗಿದ್ದುದು ಮೋಟಾರಲ್ಲ, ಕಾರ್ಖಾನೆಯನ್ನು ಮರಳಿ ಕಟ್ಟುವ ಎದೆಗಾರಿಕೆ.

ಇದಕ್ಕೆ ಕಾರ್ ಅವರಲ್ಲಿ ಒಂದು ಉತ್ತರ ಸಿದ್ಧವಾಗಿದೆ. ಗಣಕಯಂತ್ರದ ವಿಷಯದಲ್ಲಿ ಕೆಲಸದ ಕ್ರಮವೂ ಸಾಫ್ಟ್‌ವೇರಿನೊಳಗೆ ಅಡಕವಾಗಿ ಮಾರಾಟಕ್ಕೆ ಬರುತ್ತದೆ; ಒಬ್ಬನ ಜಾಣತನ ನಾಳೆ ಎಲ್ಲರ ಪೆಟ್ಟಿಗೆಯಲ್ಲಿರುತ್ತದೆ ಎಂಬುದೇ ಆ ಉತ್ತರ. ಹರ್ಷೀಸ್ ಎಂಬ ಅಮೆರಿಕದ ಚಾಕೊಲೇಟ್ ಕಂಪನಿಯ ಅನುಭವ ಇದಕ್ಕೆ ಎದುರು ಸಾಕ್ಷ್ಯ. ೧೯೯೯ರ ಬೇಸಗೆಯಲ್ಲಿ ಅದು ಹೆಸರಾಂತ ಮಾರಾಟಗಾರರ ಸಿದ್ಧ ಸಾಫ್ಟ್‌ವೇರುಗಳನ್ನು ಒಟ್ಟಿಗೆ ಜಾರಿಗೆ ತಂದಿತು. ವರ್ಷದ ಅತಿ ದೊಡ್ಡ ಮಾರಾಟದ ಕಾಲವಾದ ಹ್ಯಾಲೊವೀನ್ ಹಬ್ಬ ಬಂದಾಗ, ಸುಮಾರು ೧೦ ಕೋಟಿ ಡಾಲರಿನ ಬೇಡಿಕೆಯನ್ನು ಪೂರೈಸಲು ಅದರಿಂದಾಗಲಿಲ್ಲ. ಸರಕಿನ ಬಹುಭಾಗ ಉಗ್ರಾಣದಲ್ಲಿಯೇ ಇತ್ತು! ಅದೇ ಸಾಫ್ಟ್‌ವೇರು ಬೇರೆ ಕಂಪನಿಗಳಲ್ಲಿ ಸರಾಗವಾಗಿ ನಡೆಯುತ್ತಿದ್ದಿತು. ಕೆಲಸದ ಕ್ರಮ ಪೆಟ್ಟಿಗೆಯಲ್ಲಿ ಬರುವುದು ನಿಜವಾದರೂ ಅದು ಗುಮಾಸ್ತನ ಅಭ್ಯಾಸಕ್ಕೆ, ಉಗ್ರಾಣದವನ ಕೈಗೆ ಇಳಿಯುವುದು ಪೆಟ್ಟಿಗೆಯಿಂದಲ್ಲ.

ವಾಲ್‌ಮಾರ್ಟ್ ಮತ್ತು ಕೆ-ಮಾರ್ಟ್ ಎಂಬ ಎರಡು ಅಂಗಡಿ ಸಂಸ್ಥೆಗಳ ಇತಿಹಾಸವೂ ಇದನ್ನೇ ಹೇಳುತ್ತದೆ. ವಾಲ್‌ಮಾರ್ಟ್ ೧೯೮೭ರಲ್ಲಿ ತನ್ನ ಅಂಗಡಿಗಳನ್ನು ಉಪಗ್ರಹ ಜಾಲದಿಂದ ಬೆಸೆಯಿತು. ೧೯೯೧ರಿಂದ ಅಂಗಡಿಗಳ ಮಾರಾಟದ ಲೆಕ್ಕವನ್ನು ಸರಕು ಒದಗಿಸುವವರಿಗೇ ತೆರೆದಿಟ್ಟಿತು. ವ್ಯಾಪಾರಿ ತನ್ನ ಲೆಕ್ಕದ ಪುಸ್ತಕವನ್ನು ಸರಬರಾಜುದಾರನ ಮುಂದೆ ಬಿಚ್ಚಿಡುವುದು ಯಾವ ಕಾಲದ ವ್ಯಾಪಾರನೀತಿಗೂ ವಿರುದ್ಧ; ಗಣಕಯಂತ್ರಕ್ಕಿಂತ ಹೊಸದಾಗಿದ್ದುದು ಈ ನಡೆಯೇ. ಕೆ-ಮಾರ್ಟ್ ಕೂಡ ಯಂತ್ರಗಳಿಗೆ ಹೇರಳವಾಗಿ ಹಣ ಚೆಲ್ಲಿತು. ೨೦೦೨ರ ಜನವರಿಯಲ್ಲಿ ದಿವಾಳಿಯಾಯಿತು. ೧೯೯೦ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಉತ್ಪಾದಕತೆ ಏರಿದುದರ ಕಾರಣಗಳನ್ನು ಹುಡುಕಿದ ಮೆಕಿನ್ಸೆ ಸಂಸ್ಥೆಯ ೨೦೦೧ರ ವರದಿ, ಯಂತ್ರಗಳ ಜತೆಗೆ ವಾಲ್‌ಮಾರ್ಟ್ ತಂದ ನಿರ್ವಹಣೆಯ ಮಾರ್ಪಾಟನ್ನೂ ಹೆಸರಿಸಿ ಎತ್ತಿಹೇಳಿತು. ಇದಕ್ಕೂ ಹಿಂದೆ, ೧೯೯೫ರಲ್ಲಿ, ಮಾಟಾ, ಫ್ಯೂಯರ್ಸ್ಟ್ ಮತ್ತು ಬಾರ್ನಿ ಎಂಬ ಮೂವರು ವಿದ್ವಾಂಸರು ತರ್ಕಮಾರ್ಗದಿಂದ ಇದೇ ಸ್ಥಳವನ್ನು ಸೇರಿದ್ದರು: ಬಂಡವಾಳ, ಸ್ವಂತ ಸಾಫ್ಟ್‌ವೇರು, ತಾಂತ್ರಿಕ ಕೌಶಲ ಇವುಗಳಲ್ಲಿ ಯಾವುದೂ ನಿಲ್ಲುವ ಮೇಲುಗೈಯನ್ನು ಕೊಡದು, ಯಂತ್ರವನ್ನು ವ್ಯವಹಾರದೊಡನೆ ಹೊಂದಿಸುವ ನಿರ್ವಾಹಕರ ಕೌಶಲ ಕೊಡಬಹುದು.

ಹಾಗಾದರೆ ಮೇಲುಗೈಯನ್ನು ನಿರ್ವಹಣೆಯ ಲೆಕ್ಕಕ್ಕೆ ಬರೆಯಬೇಕೇ ಹೊರತು ಯಂತ್ರದ ಲೆಕ್ಕಕ್ಕಲ್ಲವಷ್ಟೆ ಎಂದು ಕೇಳಬಹುದು. ಬೀಜ ನೆಲ ಎರಡರಲ್ಲಿ ಪೈರು ಯಾವುದರದೆಂದು ಕೇಳಿದಂತೆ ಈ ಪ್ರಶ್ನೆ. ಉಪಗ್ರಹ ಜಾಲವಿಲ್ಲದೆ ವಾಲ್‌ಮಾರ್ಟಿನ ನಿರ್ವಾಹಕರು ದಿನದ ಲೆಕ್ಕವನ್ನು ದಿನವೇ ತೆರೆದಿಡುವಂತಿರಲಿಲ್ಲ.

ಇಷ್ಟರವರೆಗೆ ನಾವು ಮೇಲುಗೈ ಎಂದರೆ ದಕ್ಷತೆಯೆಂಬ ಅರ್ಥದಲ್ಲಿಯೇ ಮಾತನಾಡಿದೆವು. ಕಾರ್ ಅವರೂ ಅವರ ಎದುರಾಳಿಗಳೂ ಹಾಗೆಯೇ ಮಾತನಾಡುತ್ತಾರೆ. ಈ ಚರ್ಚೆಯ ನಿಜವಾದ ಕೊರತೆ ಇಲ್ಲಿದೆಯೆಂದು ನಮ್ಮ ಅಭಿಪ್ರಾಯ. ಎಲ್ಲ ಪಠ್ಯಪುಸ್ತಕಗಳೂ ಹೊಗಳುವ ‘ಸೇಬರ್’ ಎಂಬ ವಿಮಾನ ಟಿಕೆಟ್ ವ್ಯವಸ್ಥೆಯನ್ನೇ ತೆಗೆದುಕೊಳ್ಳೋಣ. ೧೯೫೩ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಕಂಪನಿಯ ಅಧ್ಯಕ್ಷ ಸಿ. ಆರ್. ಸ್ಮಿತ್ ಅವರೂ ಐ.ಬಿ.ಎಂ. ಕಂಪನಿಯ ಬ್ಲೇರ್ ಸ್ಮಿತ್ ಎಂಬ ಮಾರಾಟಗಾರರೂ ಒಂದೇ ವಿಮಾನದಲ್ಲಿ ಅಕ್ಕಪಕ್ಕ ಕುಳಿತು ಪ್ರಯಾಣಮಾಡುವಾಗ ಈ ಯೋಜನೆಯ ಮೊಳಕೆಯೊಡೆಯಿತಂತೆ. ತಿರುಗುವ ಪೆಟ್ಟಿಗೆಗಳಲ್ಲಿ ಕಾರ್ಡುಗಳನ್ನು ಹುಡುಕಿ ಆಸನ ಕಾಯ್ದಿರಿಸುತ್ತಿದ್ದ ಗುಮಾಸ್ತರ ಕೆಲಸವನ್ನು ನ್ಯೂಯಾರ್ಕಿನ ಸಮೀಪದ ಬ್ರಯರ್‌ಕ್ಲಿಫ್ ಮ್ಯಾನರಿನಲ್ಲಿದ್ದ ಎರಡು ದೊಡ್ಡ ಗಣಕಯಂತ್ರಗಳು ವಹಿಸಿಕೊಂಡುವು. ೧೯೬೪ರ ಹೊತ್ತಿಗೆ ಕಂಪನಿಯ ಕಾಯ್ದಿರಿಸುವಿಕೆಯೆಲ್ಲ ಅವುಗಳ ಮೂಲಕವೇ ನಡೆಯುತ್ತಿತ್ತು. ಇದು ದಕ್ಷತೆ, ಇದರಲ್ಲಿ ತಕರಾರಿಲ್ಲ.

ಕಥೆ ತಿರುಗುವುದು ೧೯೭೬ರಲ್ಲಿ, ಕಂಪನಿಯು ಪ್ರವಾಸ ಏಜೆಂಟರ ಮೇಜುಗಳ ಮೇಲೆ ತನ್ನ ತೆರೆಗಳನ್ನು ಇರಿಸಿದಾಗ. ಆ ತೆರೆಯ ಮೇಲೆ ಇತರ ಕಂಪನಿಗಳ ವಿಮಾನಗಳೂ ಕಾಣುತ್ತಿದ್ದುವು, ಆದರೆ ಯಾವ ಸಾಲಿನಲ್ಲಿ? ಅವಸರದಲ್ಲಿರುವ ಏಜೆಂಟ್ ಮೊದಲ ಪುಟವನ್ನು, ಅದರಲ್ಲಿಯೂ ಮೊದಲ ಸಾಲುಗಳನ್ನು ನೋಡಿ ಟಿಕೆಟ್ಟು ಬರೆಯುತ್ತಾನೆ. ಆ ಮೊದಲ ಸಾಲುಗಳಲ್ಲಿ ಅಮೆರಿಕನ್ ಕಂಪನಿಯ ವಿಮಾನಗಳಿಗೆ ಅಗ್ರಪೂಜೆ ಸಲ್ಲುತ್ತಿತ್ತು. ಕಂಪನಿಯ ಮುಖ್ಯಸ್ಥರಾಗಿದ್ದ ರಾಬರ್ಟ್ ಕ್ರ್ಯಾಂಡಲ್ ಇದನ್ನು ಮುಚ್ಚಿಡಲಿಲ್ಲ. ತಮ್ಮ ವಿಮಾನಗಳಿಗೆ ಆದ್ಯತೆ ಕೊಡಲೆಂದೇ ಈ ವ್ಯವಸ್ಥೆಯನ್ನು ಕಟ್ಟಿದುದೆಂಬ ಅರ್ಥದ ಮಾತನ್ನು ಅಮೆರಿಕದ ಸಂಸತ್ತಿನ ಮುಂದೆಯೇ ಆಡಿದರು. ೧೯೮೪ರಲ್ಲಿ ಅಲ್ಲಿನ ನಾಗರಿಕ ವಿಮಾನಯಾನ ಮಂಡಲಿ ಇಂಥ ಪಕ್ಷಪಾತದ ಪ್ರದರ್ಶನವನ್ನು ನಿಷೇಧಿಸಿತು. ಪ್ರಯಾಣಿಕನಿಗೆ ಅಗ್ಗವಾದ ಇಲ್ಲವೇ ಅನುಕೂಲವಾದ ವಿಮಾನ ಕೆಳಗಿನ ಸಾಲಿನಲ್ಲಿ ಅಡಗಿದ್ದರೆ, ಕಂಪನಿಯ ಮೇಲುಗೈ ಪ್ರಯಾಣಿಕನ ಜೇಬಿನಿಂದ ಬಂದುದು. ಪಠ್ಯಪುಸ್ತಕಗಳಲ್ಲಿ ಸೇಬರ್ ಮಾಹಿತಿ ತಂತ್ರಜ್ಞಾನದ ವಿಜಯದ ಅಧ್ಯಾಯದಲ್ಲಿರುತ್ತದೆ. ಈ ಭಾಗದ ಮಟ್ಟಿಗೆ ಅದು ತೂಕದ ಕಲ್ಲಿನ ಅಧ್ಯಾಯದಲ್ಲಿರಬೇಕಾಗಿತ್ತು.

ಕಾರ್ ಅವರ ಸಿದ್ಧಾಂತಕ್ಕೆ ಇನ್ನೊಂದು ಒರೆಗಲ್ಲು ನಮ್ಮ ದೇಶದಲ್ಲಿಯೇ ದೊರೆತಿದೆ. ಅವರು ಬರೆದಾಗ ಅದು ಇರಲಿಲ್ಲ. ೨೦೦೮ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪಾವತಿ ನಿಗಮವು ೨೦೧೬ರ ಏಪ್ರಿಲಿನಲ್ಲಿ ಯು.ಪಿ.ಐ. ವ್ಯವಸ್ಥೆಯನ್ನು ಆರಂಭಿಸಿತು. ಬ್ಯಾಂಕುಗಳಿಗೂ ಖಾಸಗಿ ಕಂಪನಿಗಳಿಗೂ ಹಾದಿ ಒಂದೇ, ನಿಯಮ ಒಂದೇ, ಹಣ ತಲಪುವ ವೇಗವೂ ಒಂದೇ. ಇದಕ್ಕಿಂತ ಶುದ್ಧವಾದ ಮೂಲಸೌಕರ್ಯವನ್ನು ಕಲ್ಪಿಸುವುದು ಕಷ್ಟ. ೨೦೨೫ರ ಆಗಸ್ಟಿನಲ್ಲಿ ಈ ಹಾದಿಯಲ್ಲಿ ನಡೆದ ವ್ಯವಹಾರಗಳ ಸಂಖ್ಯೆ ೨೦೦೦ ಕೋಟಿಯನ್ನು ದಾಟಿತು. ಕಾರ್ ಅವರ ಸೂತ್ರ ಸರಿಯಾಗಿದ್ದರೆ ಇಲ್ಲಿ ಯಾರಿಗೂ ಮೇಲುಗೈ ಇರಕೂಡದು. ಆದರೆ ಬೆಂಗಳೂರಿನಲ್ಲಿ ೨೦೧೫ರ ಕೊನೆಗೆ ಹುಟ್ಟಿದ ಫೋನ್‌ಪೇ, ೨೦೧೭ರಲ್ಲಿ ಬೇರೆ ಹೆಸರಿನಿಂದ ಬಂದ ಗೂಗಲ್ ಪೇ ಎರಡೇ ಸೇರಿ ಐದರಲ್ಲಿ ನಾಲ್ಕು ಭಾಗಕ್ಕೂ ಹೆಚ್ಚಿನ ವ್ಯವಹಾರವನ್ನು ಹಿಡಿದುವು. ಹಾದಿಯನ್ನು ಹಾಕಿದ ನಿಗಮದ್ದೇ ಆದ ‘ಭೀಮ್’ ೨೦೧೬ರ ಡಿಸೆಂಬರಿನಲ್ಲಿ ಪ್ರಧಾನಮಂತ್ರಿಗಳ ಕೈಯಿಂದ ಲೋಕಾರ್ಪಣವಾಗಿಯೂ ಅತ್ಯಲ್ಪ ಪಾಲಿಗೆ ಇಳಿಯಿತು. ಕೋಟ್ಯಂತರ ಜನರ ಕೈಯಲ್ಲಿ ಮೊದಲೇ ಇದ್ದ ವಾಟ್ಸಾಪ್, ೨೦೨೦ರ ನವೆಂಬರಿನಲ್ಲಿ ಅನುಮತಿ ಪಡೆದೂ ಮುಂದೆ ಬರಲಿಲ್ಲ.

ಈ ವ್ಯತ್ಯಾಸವನ್ನು ಯಂತ್ರದಿಂದ ವಿವರಿಸಲಾಗದು. ಬೀದಿಬೀದಿಯ ಅಂಗಡಿಗೆ ಹೋಗಿ, ಕ್ಯೂಆರ್ ಚೀಟಿಯನ್ನು ಅಂಟಿಸಿ, ಹಣ ಬಂದುದನ್ನು ಕನ್ನಡದಲ್ಲಿಯೇ ಕೂಗಿ ಹೇಳುವ ಪೆಟ್ಟಿಗೆಯನ್ನು ಗಲ್ಲಾದ ಪಕ್ಕದಲ್ಲಿಟ್ಟುಬಂದ ಕಾಲಾಳುಗಳ ಕೆಲಸ ಇದರಲ್ಲಿ ಬಹಳವಿದೆ. ಹೂವು ಮಾರುವವಳಿಗೆ ಮೊಬೈಲಿನ ಸಂದೇಶವನ್ನು ಓದುತ್ತ ನಿಲ್ಲಲು ಪುರಸತ್ತಿಲ್ಲ. ಆ ಪೆಟ್ಟಿಗೆಯ ಕೂಗು ಅವಳಿಗೆ ಬೇಕು. ಇದನ್ನು ಅರಿತವರು ಗೆದ್ದರು. ಆದರೆ ಗೆದ್ದುದೇನು? ೨೦೨೦ರ ಜನವರಿಯಿಂದ ಯು.ಪಿ.ಐ. ಪಾವತಿಗೆ ಅಂಗಡಿಯವರಿಂದ ಶುಲ್ಕ ವಸೂಲುಮಾಡುವುದು ನಿಂತುಹೋಯಿತು. ಪಾಲು ದೊಡ್ಡದು, ಅದರಿಂದ ನೇರವಾಗಿ ಬರುವ ಆದಾಯ ಸಣ್ಣದು. ಹೀಗಾಗಿ ಕಂಪನಿಗಳು ಪೆಟ್ಟಿಗೆಯ ಬಾಡಿಗೆ, ಸಾಲ, ಜಾಹೀರಾತು ಮೊದಲಾದ ಕಡೆಗಳಲ್ಲಿ ಲಾಭವನ್ನು ಅರಸತೊಡಗಿದುವು. ಇಷ್ಟು ಮಾತ್ರ ಕಾರ್ ಅವರ ಪಕ್ಷಕ್ಕೆ ಸಲ್ಲತಕ್ಕದ್ದು: ಸಾರ್ವಜನಿಕ ಹಾದಿಯ ಮೇಲೆ ನಡೆದುದಕ್ಕೇ ಯಾರೂ ಸುಂಕ ಕೀಳಲಾಗಲಿಲ್ಲ.

ಈಗ ಅವರ ಬೋಧೆಗೆ ಬರೋಣ. ಹಿಂದೆ ಬನ್ನಿರಿ, ಕಡಮೆ ಖರ್ಚು ಮಾಡಿರಿ ಎಂಬುದು ಯಂತ್ರವನ್ನು ಕೊಳ್ಳುವವನಿಗೆ ಹಿತವಚನ. ನಮ್ಮ ಜಿಲ್ಲೆಗಳ ಸಹಕಾರಿ ಬ್ಯಾಂಕುಗಳೂ ಗಿರಣಿಗಳೂ ಬೆಲೆ ಇಳಿಯುವವರೆಗೆ ಕಾದು ಕೊಂಡರೆ ಕಳೆದುಕೊಳ್ಳುವುದೇನೂ ಇಲ್ಲ. ಆದರೆ ಕೆಲಸದ ಕ್ರಮವನ್ನು ಬದಲಾಯಿಸುವುದಕ್ಕೂ ಅದೇ ವಚನವನ್ನು ಅನ್ವಯಿಸಿದರೆ ಅನರ್ಥ. ಕಲಿಯಲು ಹತ್ತು ವರ್ಷ ಬೇಕಾದುದನ್ನು ಹತ್ತು ವರ್ಷ ತಡವಾಗಿ ಆರಂಭಿಸುವವನು ಅಗ್ಗದ ಯಂತ್ರದೊಡನೆ ಹಳೆಯ ಬೆಲ್ಟುಗಳನ್ನೇ ತಿರುಗಿಸುತ್ತ ಕೂರಬೇಕಾಗುತ್ತದೆ. ಕೃತಕ ಬುದ್ಧಿಮತ್ತೆಯ ವಿಷಯದಲ್ಲಿ ಇದೇ ವಾದ-ಪ್ರತಿವಾದಗಳು ಹೊಸ ಹೆಸರುಗಳೊಡನೆ ಮರಳಿ ಕೇಳಿಬರುತ್ತಿರುವುದರಿಂದ ಈ ಭೇದವನ್ನು ಅಧ್ಯಾಪಕರು ತರಗತಿಯಲ್ಲಿ ಸ್ಪಷ್ಟಪಡಿಸುವುದು ಅಗತ್ಯವೆಂದು ನಾವು ತಿಳಿಯುತ್ತೇವೆ.

ಕಾರ್ ಅವರ ೨೦೦೮ರ ಪುಸ್ತಕ, ಗಣಕಶಕ್ತಿಯು ವಿದ್ಯುತ್ತಿನಂತೆ ದೂರದ ಆಗಾರಗಳಿಂದ ತಂತಿಯ ಮೂಲಕ ಬರುವುದೆಂದು ಭವಿಷ್ಯ ನುಡಿಯಿತು. ಅದು ಬಹುಮಟ್ಟಿಗೆ ಸಂಭವಿಸಿತು. ಆದರೆ ವಿದ್ಯುತ್ತಿನ ಇತಿಹಾಸದಲ್ಲಿ, ಆಗಾರವನ್ನು ಹಿಡಿದವರ ದರಗಳನ್ನು ಸರ್ಕಾರಗಳು ಗೊತ್ತುಮಾಡಿದುವು, ಅನೇಕ ಕಡೆ ಆಗಾರಗಳನ್ನೇ ವಹಿಸಿಕೊಂಡುವು. ಗಣಕಶಕ್ತಿಯ ಆಗಾರಗಳು ಹಾಗಾಗಲಿಲ್ಲ. ೨೦೦೬ರಲ್ಲಿ ಈ ವ್ಯಾಪಾರಕ್ಕೆ ಇಳಿದ ಅಮೆಜಾನ್ ಕಂಪನಿಗೆ ಅದೇ ಮುಖ್ಯ ಲಾಭದ ಮೂಲವಾಯಿತು. ಕೊಳ್ಳುವ ಕಂಪನಿಗಳ ಕೈಯಿಂದ ಜಾರಿದ ಮೇಲುಗೈ ಕೊಡುವವರ ಕೈಸೇರಿತು. ಕಾರ್ ಅವರ ಉಪಮಾನವನ್ನು ಕೊನೆಯವರೆಗೆ ನಡೆಸಬೇಕಾದರೆ ಈ ಎರಡನೆಯ ಭಾಗವನ್ನೂ ನಡೆಸಬೇಕು.

ಅಮೆರಿಕದಲ್ಲಿ ವಿಮಾನ ಟಿಕೆಟ್ಟಿನ ತೆರೆಗಳಿಗೆ ೧೯೮೪ರಲ್ಲಿ ಹಾಕಿದ ಕಟ್ಟುಪಾಡು ಇಪ್ಪತ್ತು ವರ್ಷ ನಿಂತು ೨೦೦೪ರಲ್ಲಿ ರದ್ದಾಯಿತು. ಅಷ್ಟರಲ್ಲಿ ಸೇಬರ್ ವಿಮಾನ ಕಂಪನಿಯಿಂದ ಬೇರ್ಪಟ್ಟು, ತಾನೇ ಒಂದು ಕಂಪನಿಯಾಗಿ ನಾಲ್ಕು ವರ್ಷಗಳಾಗಿದ್ದುವು. ನಮ್ಮಲ್ಲಿ ಯಾವ ಒಂದು ಸಂಸ್ಥೆಯೂ ಯು.ಪಿ.ಐ. ವ್ಯವಹಾರಗಳ ಸಂಖ್ಯೆಯಲ್ಲಿ ಶೇಕಡ ೩೦ನ್ನು ಮೀರಕೂಡದೆಂದು ಪಾವತಿ ನಿಗಮವು ೨೦೨೦ರ ನವೆಂಬರಿನಲ್ಲಿ ವಿಧಿಸಿತು. ಮೊದಲು ೨೦೨೨ರ ಕೊನೆಗೆ ಗೊತ್ತಾಗಿದ್ದ ಗಡುವು ೨೦೨೪ರ ಕೊನೆಗೆ ಹೋಯಿತು. ೨೦೨೪ರ ಕೊನೆಯ ದಿನ ಅದನ್ನು ೨೦೨೬ರ ಡಿಸೆಂಬರಿಗೆ ಮುಂದೂಡಲಾಯಿತು.